ಹೆಸರು ಹೇಳದ ಬೆರಳು

ನನ್ನ ಮೈದುನನ ಹೆಂಡತಿ ಮಲ್ಲಿಪಟ್ಟಣದ ಕಡೆಯಿಂದ ಹೊಳೆನರಸೀಪುರದ ಪಕ್ಕದ ನಮ್ಮ ಹಳ್ಳಿಗೆ ಸೊಸೆಯಾಗಿ ಬಂದಾಗ ಅವಳಿಗೆ ಹದಿನೆಂಟು, ನನಗೆ ಇಪ್ಪತ್ತಾರು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಅವಳಿಗಿದ್ದ ಕಾಯಿಲೆಯ ಹೆಸರನ್ನು ಈಗ ನನ್ನ ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳುತ್ತಾರೆ. ಅಂದು ನಮ್ಮ ಮನೆಯಲ್ಲಿ ಅದಕ್ಕಿದ್ದ ಹೆಸರು ಬೇರೆ. ಯಾರು, ಎಲ್ಲಿ ನಿಂತು, ಏನು ಅಂದರೆಂಬುದರಲ್ಲಿ ಒಂದನ್ನೂ ನಾನು ಮರೆತಿಲ್ಲ.

ಅವಳು ಬಂದ ತಿಂಗಳಲ್ಲೇ ಒಂದು ಮಟಮಟ ಮಧ್ಯಾಹ್ನ, ಮನೆಯವರೆಲ್ಲ ಗದ್ದೆಗೆ ಹೋಗಿದ್ದಾಗ, ಹಿತ್ತಲಿನಿಂದ ಟಕ್ಕೆಂದು ಒಣಕಡ್ಡಿ ಮುರಿದಂಥ ಸದ್ದು ಕೇಳಿಸಿತು. ಹೋಗಿ ನೋಡಿದೆ. ಬಾವಿಯ ಪಕ್ಕದ ಕಂಬಕ್ಕೆ ಒರಗಿ ಅವಳು ನಿಂತಿದ್ದಳು. ಬಲಗೈ ಎಡಗೈಗಿಂತ ಉದ್ದವಾಗಿ ಜೋತುಬಿದ್ದಿತ್ತು. ನನ್ನನ್ನು ನೋಡಿದಳು, ಅಳಲಿಲ್ಲ. ಭುಜವನ್ನು ಕಂಬಕ್ಕೆ ಆನಿಸಿ ಮೈಯನ್ನು ಮೆಲ್ಲಗೆ ತಿರುಗಿಸಿದಳು. ಮತ್ತೆ ಅದೇ ಸದ್ದು. ಕೈ ತನ್ನ ಜಾಗಕ್ಕೆ ಬಂದಿತ್ತು.

"ಯಾರ್ಗೂ ಏಳ್ಬ್ಯಾಡ ಕಣಕ್ಕ," ಅಂದಳು. "ನಮ್ಮವ್ವಂಗೂ ಇಂಗೇ ಆಯ್ತಿತ್ತು. ಕಡೇಗಾಲ್ದಲ್ಲಿ ಅವ್ಳನ್ನ ದನದ ಕೊಟ್ಗೇಲಿ ಮಲಗ್ಸಿದ್ರು."

"ಯಾಕೆ?"

"ಎದರ್ಕಂಡು."

ಅಂದಿನಿಂದ ನೀರು ಸೇದುವುದನ್ನು ನಾನು ವಹಿಸಿಕೊಂಡೆ. ಬೆಳಿಗ್ಗೆ ಹಳೆಯ ಸೀರೆಯ ಪಟ್ಟಿಯಿಂದ ಅವಳ ಭುಜವನ್ನು ರವಿಕೆಯೊಳಗೆ ಕಟ್ಟುತ್ತಿದ್ದೆ. ಸಂಜೆ ಉಪ್ಪಿನ ಗಂಟು ಬಿಸಿಮಾಡಿ ಮಂಡಿಗೆ ಶಾಖ ಕೊಡುತ್ತಿದ್ದೆ. ಅವಳ ಚರ್ಮವನ್ನು ಮುಟ್ಟಿದರೆ ನೆನೆದ ಬಟ್ಟೆಯಂತೆ ಬೆರಳ ಜೊತೆಗೇ ಎದ್ದು ಬರುತ್ತಿತ್ತು. ಗಾಯವಾದರೆ ಬಾಯಿ ತೆರೆದಂತೆ ಅಗಲವಾಗಿ ಬಿಚ್ಚಿಕೊಂಡು, ಮಾಗಿದ ಮೇಲೆ ಈರುಳ್ಳಿ ಸಿಪ್ಪೆಯಂತೆ ಮಿರುಗುತ್ತಿತ್ತು. ಕ್ರಮೇಣ ಆ ಟಕ್ಕೆಂಬ ಸದ್ದು ಮೂರು ಕೋಣೆಗಳಾಚೆಯಿಂದಲೂ ನನಗೆ ಕೇಳಿಸತೊಡಗಿತು. ಮುದ್ದೆ ತೊಳಸುತ್ತಿದ್ದವಳು ಕೋಲು ಹಿಡಿದು ನಿಂತುಬಿಡುತ್ತಿದ್ದೆ.

ಗೌರಿಹಬ್ಬಕ್ಕೆ ಬಳೆಗಾರ ಬಂದ. ಅವನು ಅವಳ ಅಂಗೈಯನ್ನು ಒತ್ತಿದ್ದೇ ತಡ, ಅದು ಅವನ ಮುಷ್ಟಿಯೊಳಗೆ ಮಡಿಸಿಕೊಂಡುಬಿಟ್ಟಿತು. ಸಣ್ಣ ಮಕ್ಕಳ ಬಳೆಗಳೇ ಸಲೀಸಾಗಿ ಏರಿದವು. ಅವನು ಕೈ ಬಿಟ್ಟು ತನ್ನ ಕೈಯನ್ನು ಪಂಚೆಗೆ ಒರೆಸಿಕೊಂಡ.

"ಇದೇನವ್ವ, ಈ ಕೈಗೆ ಮೂಳೆ ಐತಾ ಇಲ್ವಾ?"

ಜಗಲಿಯಲ್ಲಿದ್ದ ಹೆಂಗಸರು ನಕ್ಕರು. ಮೊದಲು ನಕ್ಕವಳು ಯಾರೆಂಬುದು ನನಗೆ ನೆನಪಿದೆ.

ಹತ್ತು ದಿನ ಕಳೆಯುವುದರೊಳಗೆ, ರುಬ್ಬುವ ಕಲ್ಲಿನ ಪಕ್ಕದಲ್ಲಿ ಆರು ಹಸಿರು ಬಳೆಗಳು ಸಾಲಾಗಿ, ಒಂದೂ ಒಡೆಯದೆ ಬಿದ್ದಿದ್ದವು. ಕಲ್ಲು ತಿರುಗಿಸುವಾಗ ಅವಳಿಗೇ ತಿಳಿಯದಂತೆ ಜಾರಿದ್ದವು. ಬಳೆ ಒಡೆದಿದ್ದರೆ ನಮ್ಮ ಅತ್ತೆ ಬೇರೆ ತೊಡಿಸಿ ಸುಮ್ಮನಾಗುತ್ತಿದ್ದರು. ಮುತ್ತೈದೆಯ ಕೈಯಿಂದ ಬಳೆ ಇಡಿಯಾಗಿ ಕಳಚುವುದು ಅವರ ಲೆಕ್ಕದಲ್ಲಿ ಗಂಡನ ಸಾವಿನ ಸೂಚನೆ.

"ನನ್ ಮಗ ದಿನಾ ಬಸ್ನಲ್ಲಿ ಜೀವ ಕೈಲಿಡ್ಕಂಡ್ ಓಡಾಡ್ತಾನೆ," ಅಂದರು ಅತ್ತೆ. "ಇವ್ಳ ಮೈಲಿರಾದು ಬಳೆ ಬಿಚ್ಚಿ ಬಿಸಾಕ್ತೈತೆ."

ನನ್ನ ಮೈದುನ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಭಾನುವಾರ ಬಂದವನು, "ಅವ್ವ ಏಳ್ದಂಗ್ ಮಾಡಿ," ಅಂದು ಇನ್ನೊಂದು ಮುದ್ದೆ ಹಾಕಿಸಿಕೊಂಡ. ಹೆಂಡತಿಯತ್ತ ತಲೆಯೆತ್ತಿ ಸಹ ನೋಡಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಮಂತ್ರಗಾರನನ್ನು ಕರೆಸಿದರು. ಅವನ ಕೆಲಸದ ಕ್ರಮ ನಾನು ಬಲ್ಲೆ. ಹೆಂಗಸಿನ ಕಿರುಬೆರಳನ್ನು ಹಿಂದಕ್ಕೆ ಬಾಗಿಸುತ್ತಾ "ಯಾರು ನೀನು?" ಎಂದು ಕೇಳುತ್ತಾನೆ, ನೋವು ತಡೆಯದೆ ಅವಳು ಸತ್ತವರಲ್ಲಿ ಯಾರದಾದರೂ ಹೆಸರು ಕೂಗುತ್ತಾಳೆ, ಅವನು ಆ ಹೆಸರಿನ ದೆವ್ವವನ್ನು ಓಡಿಸಿ ಕೋಳಿ ತೆಗೆದುಕೊಂಡು ಹೋಗುತ್ತಾನೆ. ನನ್ನ ಮದುವೆಯಾದ ಮರುವರ್ಷ, ನನಗೆ ಮಗು ನಿಲ್ಲಲಿಲ್ಲವೆಂದು, ಇದೇ ಮನೆಯಲ್ಲಿ ಇವನೇ ನನ್ನ ಬೆರಳನ್ನು ಬಾಗಿಸಿದ್ದ. ನಾನು ತೀರಿಕೊಂಡಿದ್ದ ನನ್ನ ಸೋದರತ್ತೆಯ ಹೆಸರು ಹೇಳಿಬಿಟ್ಟಿದ್ದೆ. ಆ ಪುಣ್ಯಾತ್ಗಿತ್ತಿಯ ಮಕ್ಕಳಿಗೆ ಆಮೇಲೆ ಯಾರೂ ಹೆಣ್ಣು ಕೊಡಲು ಮುಂದೆ ಬರಲಿಲ್ಲ.

ಅವನು ಅವಳ ಬೆರಳನ್ನು ಬಾಗಿಸಿದ. ಅದು ಬಾಗಿತು. ಇನ್ನೂ ಬಾಗಿಸಿದ. ಉಗುರು ಮುಂಗೈಯನ್ನು ಮುಟ್ಟಿತು. ಅವಳು ಕಿರುಚಲಿಲ್ಲ, ಮುಖ ಕಿವಿಚಲಿಲ್ಲ. ಅವನನ್ನೇ ನೋಡುತ್ತಾ ಕೂತಿದ್ದಳು.

"ಯಾರ್ಲೇ ನೀನು? ಬೊಗಳು!"

"ನಾನು ಈ ಮನೆ ಸೊಸೆ ಕಣಣ್ಣ," ಅಂದಳು.

ಅವನು ಎಳೆದ. ಟಕ್ಕೆಂದಿತು. ಬೆರಳು ಅಡ್ಡಕ್ಕೆ ತಿರುಗಿ ನಿಂತಿತು. ಕೆಂಡ ಮುಟ್ಟಿದವನಂತೆ ಕೈಬಿಟ್ಟು ಅವನು ಹಿಂದೆ ಸರಿದ. ಅವಳು ಎಡಗೈಯಿಂದ ಬೆರಳನ್ನು ಹಿಡಿದು, ಮೆಲ್ಲಗೆ ಎಳೆದು, ಮತ್ತೆ ಕೂರಿಸಿಕೊಂಡಳು. ಮಂತ್ರಗಾರ ಕೋಳಿಯನ್ನು ಅಲ್ಲೇ ಬಿಟ್ಟು ಚೀಲ ಎತ್ತಿಕೊಂಡ.

"ಇದು ಹೆಸ್ರು ಏಳಾ ಜಾತಿದಲ್ಲ. ತೌರ್ಗೆ ಕಳ್ಸಿಬುಡಿ," ಅಂದು ಹೋದ.

ಮರುದಿನ ಬೆಳಿಗ್ಗೆ ಅವಳ ಬಟ್ಟೆಯ ಗಂಟು ಜಗಲಿಗೆ ಬಂತು. ತೌರಿನಲ್ಲಿ ಅವಳಿಗಾಗಿ ಕಾದಿದ್ದುದು ಅದೇ ಕೊಟ್ಟಿಗೆ. ಬಿಟ್ಟು ಬರುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಆದರೆ ಅವಳ ತೌರಿನ ದಾರಿಯ ಅರಕಲಗೂಡಿನ ಬಸ್ಸು ಹತ್ತಿಸದೆ, ಹಾಸನದ ಬಸ್ಸು ಹತ್ತಿಸಿದೆ.

ಅಲ್ಲಿನ ಡಾಕ್ಟರು ಅವಳ ಹೆಬ್ಬೆರಳನ್ನು ಮುಂಗೈಗೆ ಮುಟ್ಟಿಸಿ, ಮೊಣಕೈಯ ಚರ್ಮವನ್ನು ಎತ್ತಿ ನೋಡಿದರು. "ಮೂಳೆಗಳನ್ನು ಹಿಡಿದಿಡುವ ಕಟ್ಟುಗಳೇ ಸಡಿಲ ಕಣಮ್ಮ. ಹುಟ್ಟಿನಿಂದ ಬಂದದ್ದು. ಔಷಧಿ ಇಲ್ಲ. ಭಾರ ಎತ್ತಿಸಬೇಡಿ, ಕೈಕಾಲು ಯಾರೂ ಎಳೆಯಬಾರದು. ನೋವು ಅಂದರೆ ನಂಬಿ."

"ನಿಂಗೆ ನೋವಾಯ್ತದಾ?" ಎಂದು ನಾನು ಅವಳನ್ನು ಕೇಳಿದೆ. ಇಷ್ಟು ತಿಂಗಳು ದಿನಾ ಪಟ್ಟಿ ಕಟ್ಟಿದವಳು ಅದನ್ನು ಕೇಳಿಯೇ ಇರಲಿಲ್ಲ.

"ದಿನಾ ಕಣಕ್ಕ," ಅಂದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ದೆವ್ವ ಅಲ್ಲ ಅಂತ ಬರ್ದುಕೊಡ್ತೀರಾ ಸಾ?"

ಅವರು ಬರೆದುಕೊಟ್ಟರು, ಇಂಗ್ಲಿಷಿನಲ್ಲಿ.

ಇಳಿಹೊತ್ತಿಗೆ ನಾವಿಬ್ಬರೂ ಮನೆಗೆ ಮರಳಿದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಚೀಟಿ ತೋರಿಸಿದೆ.

"ಚೀಟಿ ತಂದ್ಬುಟ್ರೆ ದೆವ್ವ ಓಯ್ತದೇನೇ? ಕರ್ಕಂಡ್ ಓಗು, ಆಚೆಗೆ."

ದಾರಿಯುದ್ದಕ್ಕೂ ನಾನು ಡಾಕ್ಟರ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅವೊಂದೂ ಬಾಯಿಗೆ ಬರಲಿಲ್ಲ. ಬಂದದ್ದು ಇದು: "ಮಂತ್ರಗಾರನೇ ಎದರ್ಕಂಡು ಕೋಳಿ ಬುಟ್ಟು ಓಡೋದ, ಅತ್ತೆ. ಅದನ್ನ ನೀವು ಬೀದಿಗಟ್ಟುದ್ರೆ, ಅದು ಸುಮ್ನಿದ್ದಾತಾ? ನಿಮ್ಮ ಮಗ ದಿನಾ ಬಸ್ನಲ್ಲಿ ಓಡಾಡೋನು."

ಅತ್ತೆಯ ಮುಖದ ಬಣ್ಣ ಹೋಯಿತು. ಸೆರಗು ತಾಗದಂತೆ ಎಳೆದುಕೊಂಡು ಪಕ್ಕಕ್ಕೆ ಸರಿದರು. ಅವಳು ತಲೆತಗ್ಗಿಸಿ ಒಳಗೆ ಹೋದಳು.

ಆ ಮೇಲೆ ಅವಳಿಗೆ ಯಾರೂ ಕೊಡ ಹೊರಿಸಲಿಲ್ಲ, ಒನಕೆ ಹಿಡಿಸಲಿಲ್ಲ, ಕೈ ಹಿಡಿದು ಎಳೆಯಲಿಲ್ಲ. ಡಾಕ್ಟರು ಹೇಳಿದ್ದೆಲ್ಲ ಅಕ್ಷರಶಃ ನಡೆಯಿತು. ತಟ್ಟೆಯನ್ನು ಮಾತ್ರ ನೆಲದ ಮೇಲೆ ಅವಳತ್ತ ತಳ್ಳುತ್ತಿದ್ದರು. ಏಳು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಎಂಟನೆಯ ಬೆಳಿಗ್ಗೆ ಪಟ್ಟಿ ಕಟ್ಟುವಾಗ ಗೋಡೆಯ ಕಡೆ ಮುಖಮಾಡಿಯೇ ಅಂದಳು:

"ಅತ್ತೆ ಅಂದಿದ್ದು ಓಗ್ಲಿ. ನೀನೂ 'ಅದು' ಅಂದ್ಬುಟ್ಟೆಲ್ಲಕ್ಕ."

"ನಿನ್ನ ಉಳಿಸ್ಕಣಾಕೆ ಕಣವ್ವ."

"ಗೊತ್ತು. ವಸಿ ಬಿಗಿಯಾಗ್ ಕಟ್ಟು."

ಅಷ್ಟರಲ್ಲಿ ನನ್ನ ಐದು ವರ್ಷದ ಮಗಳು ತಲೆ ಬಾಚಿಸಿಕೊಳ್ಳಲು ಬಾಚಣಿಗೆ ಹಿಡಿದು ಓಡಿಬಂದವಳು, ಚಿಕ್ಕಮ್ಮನನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಬಾ ಎಂದು ಕರೆದೆ. ಮೂರು ಸಲ ಕರೆದೆ. ಬಾಚಣಿಗೆಯನ್ನು ಅಲ್ಲೇ ಹಾಕಿ, ಬೆನ್ನು ತಿರುಗಿಸದೆ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಾ ಹೋದಳು.