ಫ್ಯಾನ್ ಹಾಕಿದ ದಿನ

ನನ್ನ ಗಂಡ ತೀರಿಕೊಂಡ ಹದಿನೈದನೇ ದಿನಕ್ಕೆ ಅವರ ಅಣ್ಣ ಬಂದು ಸ್ಟೀಲ್ ವೆಲ್ಡಿಂಗ್ ಮೆಷಿನ್ನು, ಆರ್ಗಾನ್ ಸಿಲಿಂಡರು ಎರಡನ್ನೂ ಗೂಡ್ಸ್ ಆಟೋಗೆ ಹೇರಿಸಿಕೊಂಡು ಹೋದರು. ಕಡೂರಿನಲ್ಲಿ ಭಾವನದು ಗ್ರಿಲ್ಲು, ಗೇಟು ಮಾಡುವ ಶೆಡ್ಡು. "ಹೆಂಗಸ್ರು ಗ್ಯಾಸ್ ಹಚ್ಚೋದು ಒಲೆಗೆ ಕಣಮ್ಮ. ಇದು ನಿನ್ ಕೈಲಿ ಆಗೋದಲ್ಲ," ಎಂದರು. ನಾಲ್ಕು ವರ್ಷ ಗಂಡನ ಪಕ್ಕ ಕೂತು ಹಾಲಿನ ಕ್ಯಾನು, ಹೋಟೆಲಿನ ಇಡ್ಲಿ ಪಾತ್ರೆ ಬೆಸೆದವಳು ನಾನು. ಸಿಟ್ಟು ನೆತ್ತಿಗೇರಿತು. ಮನೆ ತುಂಬ ನೆಂಟರಿದ್ದರು, ನುಂಗಿಕೊಂಡೆ. ಆ ಮೆಷಿನ್ ವಾಪಸ್ ತರದೆ ಬಿಡುವುದಿಲ್ಲ ಎಂದು ಅಂದೇ ಗಟ್ಟಿ ಮಾಡಿಕೊಂಡಿದ್ದೆ.

ಕಬ್ಬಿಣವನ್ನು ರಾಡ್ ಹಿಡಿದು ರಸ್ತೆ ಬದಿಯಲ್ಲೂ ಬೆಸೆಯಬಹುದು. ಸ್ಟೀಲಿಗೆ ಆರ್ಗಾನ್ ಬೇಕು. ಶಾಲೆಯಲ್ಲಿ ಹೀಲಿಯಂ, ನಿಯಾನ್ ಜೊತೆ ಜಡಾನಿಲ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಬಣ್ಣವಿಲ್ಲ, ವಾಸನೆಯಿಲ್ಲ, ಉರಿಯುವುದಿಲ್ಲ, ಯಾವುದರ ಜೊತೆಗೂ ಬೆರೆಯುವ ಗುಣವಿಲ್ಲ. ಹಳೇ ಬುರುಡೆ ಬಲ್ಬಿನೊಳಗೆ ತಂತಿ ಬೇಗ ಹೋಗದ ಹಾಗೆ ಕಾಯುತ್ತಿದ್ದದ್ದೂ ಇದೇ. ಕರಗಿದ ಸ್ಟೀಲನ್ನು ಹೊರಗಿನ ಗಾಳಿ ಮುಟ್ಟದಂತೆ ಸುತ್ತ ನಿಲ್ಲುತ್ತದೆ. ಜೋರಾಗಿ ಗಾಳಿ ಬೀಸಿದರೆ ಮಾತ್ರ ಹಾರಿಹೋಗುತ್ತದೆ. ಅದಕ್ಕೇ ನನ್ನ ಗಂಡ ಬೇಸಿಗೆಯಲ್ಲೂ ಫ್ಯಾನ್ ಆರಿಸಿ ಬೆವರುತ್ತಿದ್ದರು. ಭಾವನಿಗೆ ಇದು ಗೊತ್ತಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ, ಅವರು ಕೇಳಲಿಲ್ಲ.

ಆ ಬೇಸಿಗೆಯಲ್ಲೇ ಮಠದ ದಾಸೋಹಕ್ಕೆ ದೊಡ್ಡ ಸಾರಿನ ಪಾತ್ರೆ ಮಾಡಿಕೊಡಲು ಭಾವ ಒಪ್ಪಿಕೊಂಡರು. ಮುಚ್ಚಿದ ಶೆಡ್ಡಿನೊಳಗೆ ಚೂರುಪಾರು ಬೆಸೆದು ನೋಡಿದ್ದರು, ಸರಿ ಬಂದಿತ್ತಂತೆ. ಪೂಜೆ ಮಾಡಿ ಮೊದಲ ಬೆಸುಗೆಯನ್ನು ಮಠದ ಹಿರಿಯರ ಎದುರಿಗೇ ಹಾಕಬೇಕೆಂಬ ಆಸೆ ಅವರಿಗೆ. ಹಿರಿಯರು ಸಖರಾಯಪಟ್ಟಣದಿಂದ ಬಸ್ಸಿನಲ್ಲಿ ಬರುವವರಿದ್ದರು. ಮಜ್ಜಿಗೆ ಕೊಡಲು ನನ್ನನ್ನೇ ಕರೆಸಿದರು. ಹೋದೆ.

ಹಿರಿಯರ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು. ಮಜ್ಜಿಗೆ ಕೊಟ್ಟೆ. ಮೂಲೆಯಲ್ಲಿದ್ದ ಸ್ಟ್ಯಾಂಡ್ ಫ್ಯಾನ್ ತಂದು ಪಾತ್ರೆಯ ಆಚೆಗಿಟ್ಟು, ಅವರ ಮುಖಕ್ಕೆ ತಿರುಗಿಸಿ, ಜೋರಾಗಿ ಹಾಕಿದೆ. ಶೆಡ್ಡಿಗೆ ಬಂದ ಹಿರಿಯರಿಗೆ ಗಾಳಿ ಹಾಕಿದ್ದನ್ನು ಯಾರು ತಪ್ಪೆನ್ನುತ್ತಾರೆ? ಭಾವ ಉಬ್ಬಿಹೋದರು. ಮನೆ ಸೊಸೆ ಎಂದರೆ ಹೀಗಿರಬೇಕು ಎಂದು ಹೊಗಳಿ ಮುಖಕ್ಕೆ ಶೀಲ್ಡ್ ಇಳಿಸಿಕೊಂಡರು.

ಬೆಸುಗೆ ಕಪ್ಪಾಯಿತು. ತುಂಬ ತೂತು. ಕರೆಂಟ್ ಏರಿಸಿದರು, ತಗಡೇ ತೂತಾಯಿತು. ಸಿಲಿಂಡರ್ ಸರಿಯಿಲ್ಲ ಎಂದು ಬೈದರು, ವಾಲ್ವ್ ತಿರುಗಿಸಿದರು. ನಾನು ಲೋಟ ತೊಳೆಯುತ್ತ ನೋಡುತ್ತಿದ್ದೆ. ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಫ್ಯಾನ್ ಆರಿಸಿ, ಅವರ ಕೈಯಿಂದ ಬೆಸುಗೆಯ ಟಾರ್ಚ್ ತೆಗೆದುಕೊಂಡೆ. ಅದರ ಬಾಯಲ್ಲಿರುವ ಟಂಗ್‌ಸ್ಟನ್ ಕಡ್ಡಿಯ ತುದಿ ಮಸೆದು, ತೂತು ಮುಚ್ಚಿ, ಒಂದು ಗೇಣು ಬೆಸೆದು ತೋರಿಸಿದೆ. ಹೊಳೆಯುತ್ತಿತ್ತು.

ಹಿರಿಯರು ಬೆರಳಾಡಿಸಿ ನೋಡಿದರು. "ಈ ಮೆಷಿನ್ ಯಾರ್ದು?"

"ನಮ್ ಯಜಮಾನ್ರುದು," ಎಂದೆ.

"ಹಂಗಾದ್ರೆ ಅವ್ರ ಮನೇಲೇ ಇರ್ಲಿ. ಪಾತ್ರೆನೂ ಅಲ್ಲೇ ಆಗ್ಲಿ."

ಸಂಜೆಯೊಳಗೆ ಅದೇ ಗೂಡ್ಸ್ ಆಟೋದಲ್ಲಿ ಮೆಷಿನ್ ಮನೆಗೆ ಬಂತು.

ಹೋದ ವಾರ ಭಾವ ಬಿರುಕು ಬಿಟ್ಟ ಸ್ಟೀಲ್ ರೇಲಿಂಗ್ ಹಿಡಿದುಕೊಂಡು ಬಂದಿದ್ದರು. ಕುರ್ಚಿ ಕೊಟ್ಟೆ, ಫ್ಯಾನ್ ಹಾಕಿದೆ. ರೇಲಿಂಗ್ ಕೆಳಗಿಟ್ಟು ಕೇಳಿದರು. "ಅವತ್ತು ಫ್ಯಾನು ಬೇಕಂತ್ಲೇ ಹಾಕ್ದೆ ಅಲ್ವೇನಮ್ಮ?"

ಎದ್ದು ಹೋಗಿ ಅವರ ಮುಖಕ್ಕೆ ಬೀಸುತ್ತಿದ್ದ ಫ್ಯಾನ್ ಆರಿಸಿದೆ.

"ಈಗ ಸ್ವಲ್ಪ ಬೆವ್ರಿ ಭಾವ," ಎಂದೆ. "ಕೆಲ್ಸ ಚೆನ್ನಾಗ್ ಬರ್ಬೇಕಲ್ಲ."