ಮಿಡಚಿ ಕೊಂದ ಇಮಾಂಬಿ

ಇಮಾಂಬಿಗೆ ಸಿಟ್ಟು ಬಂದರೆ ಬಾಯಿ ಏಳುತ್ತಿರಲಿಲ್ಲ, ಕೈ ಏಳುತ್ತಿತ್ತು. ಹಾಯಲು ಬಂದ ಹೋರಿಯ ಮೂತಿಗೆ ಗುದ್ದಿ ಅದನ್ನು ಹಿಂದಕ್ಕೆ ಸರಿಸಿದ್ದನ್ನು ನಾನೇ ಕಂಡಿದ್ದೇನೆ. ಕಟ್ಟಿಗೆ ಹೊರೆ ಕಸಿಯಲು ಹೋದ ಜಂಗಲ್ ಗಾರ್ಡಿನ ರುಮಾಲು ಹಾರಿ ಹಳ್ಳಕ್ಕೆ ಬಿದ್ದ ಕಥೆಯನ್ನು ಊರವರು ವರ್ಷಗಟ್ಟಲೆ ಹೇಳಿ ನಕ್ಕರು. ಎತ್ತರದ ಸಿದ್ದಿ ಹೆಂಗಸು. ಗಂಡ ಜ್ವರದಲ್ಲಿ ತೀರಿಕೊಂಡಾಗ ಕೈಯಲ್ಲಿ ಎಳೆಗೂಸಿತ್ತು. ಮುಂಡಗೋಡದ ದಾರಿಯಲ್ಲಿರುವ ನಮ್ಮೂರಿನಲ್ಲಿ ನನ್ನ ಕಾಕಾನ ಒಂದು ಹೊಲವನ್ನು ಅವಳು ಪಾಲಿಗೆ ಮಾಡುತ್ತಿದ್ದಳು. ನಮ್ಮ ಹೊಲಕ್ಕೂ ಅವಳ ಹೊಲಕ್ಕೂ ನಡುವೆ ಒಂದೇ ಬದು. ನನಗೆ ಆಗಷ್ಟೇ ಮದುವೆಯಾಗಿತ್ತು. ಆದರೂ ಅವಳಿಗೆ ನಾನು ‘ತಮ್ಮಾ’.

ಎರಡನೆಯ ದೊಡ್ಡ ಲಡಾಯಿ ಶುರುವಾದ ಹೊಸತರಲ್ಲಿ ಮಿಡಚಿ ಬಂದವು. ಅಂಥ ಮಿಡತೆಯನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಹಾರಲು ರೆಕ್ಕೆಯಿಲ್ಲ. ಧಾರವಾಡದ ಕಡೆಯ ಎರಿಹೊಲಗಳಿಂದ ನೆಲದ ಮೇಲೆಯೇ ಜಿಗಿಯುತ್ತ, ಹೊಲದಿಂದ ಹೊಲಕ್ಕೆ ದಾಟುತ್ತ ಬಂದು ನಮ್ಮ ಜೋಳಕ್ಕೆ ಮುತ್ತಿದವು. ಗರಿ ತಿನ್ನುವ ಸಪ್ಪಳ ದಾರಿಯವರೆಗೆ ಕೇಳುತ್ತಿತ್ತು. ಇಮಾಂಬಿ ಕಂಬಳಿ ಬೀಸಿ ಬಡಿದಳು, ತುಳಿದಳು, ಕಡೆಗೆ ಕೈಯಲ್ಲೇ ಹಿಚುಕಿದಳು. ಬರೀ ದಂಟು ಉಳಿಯಿತು. ಆ ಚಳಿಗಾಲ ಅವಳು ಅಡವಿಯ ಗೆಡ್ಡೆ ಅಗೆದು ಕುದಿಸಿ ತಿಂದಳು. ಎದೆಯ ಹಾಲು ಬತ್ತಿತು, ಕೂಸು ಹೋಯಿತು.

ಮಣ್ಣು ಮಾಡಿ ಬಂದವಳು ಅಳಲಿಲ್ಲ. “ಹುಳಾ ಅನಬ್ಯಾಡೋ ತಮ್ಮಾ,” ಅಂದಳು. “ನನ್ನ ಮಗನ್ನ ತಿಂದಾವು ಅವು.”

ಮರುವರ್ಷ ಮಳೆ ಬೀಳುತ್ತಲೇ ನೆಲದೊಳಗಿನ ತತ್ತಿಯೊಡೆದು ಮರಿಗಳು ಎದ್ದವು. ಬೇಸಾಯ ಖಾತೆಯ ಸಾಹೇಬರೊಬ್ಬರು ಬಂದು, ಊರೆಲ್ಲ ಸಾಲಾಗಿ ನಿಂತು ಅವನ್ನು ಓಡಿಸಿ ತಗ್ಗಿಗೆ ಕೆಡವಿ ಸುಡಬೇಕೆಂದರು. ಒಂದು ಹೊಲ ಬಿಟ್ಟರೂ ಅಲ್ಲಿ ಮತ್ತೆ ತತ್ತಿ ಇಡುತ್ತವೆ ಎಂದರು. ಊರ ಇಳಿಜಾರಿನ ಬದಿಗೆ ಉದ್ದಕ್ಕೆ ತಗ್ಗು ತೋಡಿದೆವು. ಮಳೆ ಹೊಳವಾದ ದಿನ ಲಕ್ಕಿ ಗಿಡದ ಟೊಂಗೆ ಕಟ್ಟಿದ ಬರಲು ಹಿಡಿದು, ಬಡಿಯುತ್ತ ಇಳಿದೆವು. ಕಾಕಾನ ಸ್ವಂತ ಹೊಲ ಮುಟ್ಟಿದಾಗ ಅವನು ಬಡಿಗೆ ಹಿಡಿದು ಬದುವಿನ ಮೇಲೆ ನಿಂತಿದ್ದ.

“ನನ್ನ ಜ್ವಾಳ ತುಳದ್ರ ಕಾಲ ಮುರೀತೇನಿ!”

ಗಂಡಸರು ಮುಖ ಮುಖ ನೋಡಿಕೊಂಡು ನಿಂತರು. ಇಮಾಂಬಿ ನಿಲ್ಲಲಿಲ್ಲ.

“ಆಚಿ ಸರೀರಿ ಯಜಮಾನ್ರ.”

“ನನ್ನ ಹೊಲಾ ಮಾಡಿ ತಿನ್ನಾಕಿ, ನನಗ ಸರಿ ಅಂತೀಯೇನ?”

“ತಿಂದಿಲ್ರೀ. ಹ್ವಾದ ವರ್ಷ ಏನೂ ತಿಂದಿಲ್ಲ. ಸರೀರಿ.”

ಕಾಕಾ ಬಡಿಗೆ ಬೀಸಿದ. ಅಡ್ಡ ಹಿಡಿದ ಅವಳ ಎಡಗೈಯ ಎಲುಬು ಮುರಿದದ್ದು ನನಗೆ ಕೇಳಿಸಿತು. ಅವಳು ಬಲಗೈಯ ಬರಲಿನಿಂದ ಅವನ ಮುಖಕ್ಕೆ ಬಾರಿಸಿದಳು, ಮತ್ತೆ ಬಾರಿಸಿದಳು. ಮೂಗಿನಿಂದ ರಕ್ತ ಸುರಿಯುತ್ತ ಅವನು ಬದುವಿನ ಕೆಳಗೆ ಉರುಳಿದ. ಅವಳು ಅವನನ್ನು ದಾಟಿ ಜೋಳದೊಳಗೆ ನುಗ್ಗಿ, ತಿರುಗಿ ನಮ್ಮನ್ನು ನೋಡಿ ಚೀರಿದಳು:

“ನಿಮ್ಮ ಕೂಸಗೋಳು ಇನ್ನೂ ಜೀವಂತ ಅದಾವು! ಬಡೀರ್ಯೋ!”

ನಾವು ನುಗ್ಗಿದೆವು. ತಗ್ಗಿನಲ್ಲಿ ಮಿಡಚಿಗಳು ಒಂದರ ಮೇಲೊಂದು ಬಿದ್ದು ಕುದಿಯುವಂತೆ ಕಂಡವು. ಜೋಳದ ಒಣ ಕಣಿಕೆ, ಮುಳ್ಳು ಒಟ್ಟಿ ಬೆಂಕಿ ಇಟ್ಟೆವು. ಚಟಪಟ ಸಿಡಿದವು, ಉರಿಯುತ್ತಲೇ ಜಿಗಿದು ನಮ್ಮ ಕಾಲಿಗೆ ಬಿದ್ದವು. ಸುಟ್ಟ ಕೂದಲಿನಂಥ ನಾತ. ಮುರಿದ ಕೈಯನ್ನು ಸೆರಗಿನಲ್ಲಿ ಬಿಗಿದುಕೊಂಡಿದ್ದ ಇಮಾಂಬಿ, ಹೊರಗೆ ಜಿಗಿದವನ್ನು ಒದ್ದು ಒದ್ದು ಬೆಂಕಿಗೆ ತಳ್ಳುತ್ತಿದ್ದಳು. ಆಗ ಅತ್ತಳು. ಬಾಯಿ ತೆರೆದು ಅಳುತ್ತಲೇ ಒದೆಯುತ್ತಿದ್ದಳು.

ಆ ಸುಗ್ಗಿಗೆ ಊರಿಗೆಲ್ಲ ಜೋಳ ಬಂತು, ಕಾಕಾನಿಗೂ. ರಾಶಿ ಮುಗಿದೊಡನೆ ಅವನು ಅವಳಿಂದ ಹೊಲ ಬಿಡಿಸಿಕೊಂಡ. ಹಿರಿಯರು ಬೇಡವೆಂದು ಹೇಳಿದರು, ನಾನು ಕಾಲು ಹಿಡಿದೆ. “ಹೆಂಗಸಿನ ಕೈಲೆ ಹೊಡಿಸ್ಕೊಂಡಾಂವ ನಾನು, ನೀವಲ್ಲ,” ಅಂದ.

ಹಳಿಯಾಳದ ದಾರಿಯಲ್ಲಿ ಅವಳನ್ನು ಕಡೆಯ ಸಲ ಕಂಡೆ. ತಲೆಯ ಮೇಲೆ ಪಾತ್ರೆಗಂಟು. ಎಡಗೈ ಸೊಟ್ಟಗೆ ಕೂಡಿತ್ತು.

“ಎಲ್ಲಿಗೆ ಹ್ವಂಟಿ ಅಕ್ಕಾ?”

“ಕುಳಗಿ ಅಡವ್ಯಾಗ ಮರಾ ಕಡಿಯೂ ಕೆಲಸ ಐತಂತ.”

“ಈ ಕೈಲೆ?”

“ಇನ್ನೊಂದ ಐತೆಲ್ಲೋ.”

ಮತ್ತೆ ಬರುತ್ತೀಯಾ ಎಂದು ಕೇಳಿದೆ. ಗಂಟು ಸರಿ ಮಾಡಿಕೊಂಡು, ಕೊಯ್ದ ಹೊಲಗಳ ಕಡೆ ಒಮ್ಮೆ ನೋಡಿದಳು.

“ಮಿಡಚಿ ಬಂದ್ರ ಹೇಳಿ ಕಳಸು. ಬರ್ತೇನಿ.”

ಆಮೇಲೆ ಪ್ರತಿ ಮಳೆಗಾಲ ನಾನು ಜೋಳದ ಸುಳಿ ಬಿಡಿಸಿ ನೋಡುತ್ತಿದ್ದೆ. ಒಂದು ಮಿಡಚಿಯೂ ಇರುತ್ತಿರಲಿಲ್ಲ.