ತೂಗುಮೈಕಿನ ಕೆಳಗೆ ಸಾಯುವುದು

ಮರಣವೆಂಬುದು ಮನುಷ್ಯನ ಬದುಕಿನ ಅತ್ಯಂತ ಗಂಭೀರ ಘಟನೆ. ಅದರ ಎದುರು ಅರಸನೂ ಮೌನಿ, ಪಂಡಿತನೂ ಮೌನಿ. ನಾನು ಮಾತ್ರ ವರ್ಷಕ್ಕೊಮ್ಮೆ ಸಾಯುತ್ತಿದ್ದೆ, ಸಾಯುವಾಗ ಕಡಿಮೆಯೆಂದರೂ ಒಂದು ಪುಟ ಮಾತಾಡುತ್ತಿದ್ದೆ.

ಮಣ್ಣಗುಡ್ಡದ ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ತುಳು ನಾಟಕ ಇರಲೇಬೇಕು; ನಾಟಕದಲ್ಲಿ ಒಬ್ಬ ತಂದೆ ಇರಲೇಬೇಕು; ಕೊನೆಯ ದೃಶ್ಯಕ್ಕೆ ಮೊದಲು ಅವನು ಸಾಯಲೇಬೇಕು. ಆ ತಂದೆ ನಾನು. ವೇದಿಕೆಯ ಮುಂಭಾಗದಲ್ಲಿ ಮೇಲಿನಿಂದ ಮೂರು ಮೈಕು ತೂಗುಹಾಕುತ್ತಿದ್ದರು. ಅವುಗಳ ಕೆಳಗೆ ಆಡದ ಮಾತು ಹಿಂದಿನ ಸಾಲಿಗೆ ಮುಟ್ಟದು. ಆದ್ದರಿಂದ ಎದೆನೋವು ಎಲ್ಲಿ ಬಂದರೂ ಸಾಯುವವನು ತೂರಾಡುತ್ತ ನಡುವಿನ ಮೈಕಿನ ತನಕ ಬಂದೇ ಸಾಯಬೇಕು. ಇದು ಅತಿನಾಟಕೀಯ ಎನ್ನುವವರಿದ್ದಾರೆ. ಕೇಳಿಸದ ಸಾವಿಗೆ ಯಾರೂ ಅಳುವುದಿಲ್ಲ ಎಂಬುದು ಅವರಿಗೆ ತಿಳಿಯದು. ಬಂದರಿನಲ್ಲಿ ನಾನು ಲೆಕ್ಕ ಬರೆಯುವ ಗೋಡೌನಿನ ಧಣಿ, ಮೆಣಸು ಏಲಕ್ಕಿಯ ಬ್ಯಾರಿ ವ್ಯಾಪಾರಿ, ಪ್ರತಿವರ್ಷ ಮುಂದಿನ ಸಾಲಿನಲ್ಲಿ ಕುಳಿತು ನನಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮರುದಿನ ತಡವಾಗಿ ಹೋದರೆ ಮಾತ್ರ ಆ ಕಣ್ಣು ಒಣಗಿರುತ್ತಿತ್ತು.

ಈಚೆಗೆ ನಿರ್ದೇಶನ ಪಕ್ಕದ ಮನೆಯ ಯುವಕನ ಕೈಗೆ ಬಂತು. ಅವನಿಗೆ ಎಲ್ಲವೂ ಸಹಜವಾಗಿರಬೇಕು. ತೂಗುಮೈಕು ತೆಗೆಸಿ ಎಲ್ಲರ ಕೆನ್ನೆಗೆ ಸಣ್ಣ ಮೈಕು ಅಂಟಿಸಿದ. ಇನ್ನು ಯಾರೂ ಮುಂದೆ ಬರಬೇಕಾಗಿಲ್ಲವೆಂದು ಮುಂದಿನ ಪರದೆಯನ್ನೂ ಮೈಕಿದ್ದ ಜಾಗದಿಂದ ಹಿಂದಕ್ಕೆ ಕಟ್ಟಿಸಿದ. ತಂದೆ ಆರಾಮಕುರ್ಚಿಯಲ್ಲಿ ಪೇಪರ್ ಓದುತ್ತಲೇ ಹೋಗಿಬಿಡಬೇಕಂತೆ. ಮಗಳಿಗೆ ಒಂದು ಬುದ್ಧಿಮಾತೂ ಇಲ್ಲ.

“ಅಂಕಲ್, ಈ ಸಲ ಓವರ್ ಮಾಡ್ಬೇಡಿ,” ಎಂದ. “ಮಾಡಿದ್ರೆ ಮುಂದಿನ ವರ್ಷ ನಿಮಗೆ ಪಾರ್ಟ್ ಇಲ್ಲ. ಸನ್ಮಾನ ಮಾಡ್ತೇವೆ.”

ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರೆಂದರೆ ಆ ಕಲಾವಿದನನ್ನು ಮತ್ತೆ ಯಾರೂ ವೇದಿಕೆಗೆ ಕರೆಯುವುದಿಲ್ಲ ಎಂಬುದು ಊರಿಗೇ ಗೊತ್ತು. ವರ್ಷವಿಡೀ ಬೇರೆಯವರ ಲೆಕ್ಕ ಬರೆಯುವ ನನಗೆ ಗಟ್ಟಿಯಾಗಿ ಮಾತಾಡಲು ಇದ್ದದ್ದು ಅದೊಂದೇ ಜಾಗ. ಒಪ್ಪಿದೆ. ರಿಹರ್ಸಲಿನಲ್ಲೆಲ್ಲ ಕುರ್ಚಿಯಲ್ಲೇ ಶಿಸ್ತಿನಿಂದ ಸತ್ತೆ.

ನಾಟಕದ ದಿನ ಪೇಪರ್ ಜಾರಿತು, ಕಣ್ಣು ಮುಚ್ಚಿದೆ, ವಯಲಿನ್ ಶುರುವಾಯಿತು. ತಲೆ ಒಪ್ಪಿದ್ದನ್ನು ಕಾಲು ಒಪ್ಪಿರಲಿಲ್ಲ. ಎದ್ದೆ, ಎದೆ ಹಿಡಿದು ತೂರಾಡುತ್ತ ಇಲ್ಲದ ಮೈಕಿನ ಕೆಳಗೆ ಹೋದೆ, ಮಗಳನ್ನು ಚೆನ್ನಾಗಿ ನೋಡಿಕೋ ಎಂದು ಅಳಿಯನಿಗೆ ಹೇಳಿ ಬಿದ್ದೆ. ನಿರ್ದೇಶಕ ಗಾಬರಿಯಲ್ಲಿ ಪರದೆ ಎಳೆಸಿದ. ಅದು ನನ್ನ ಹಿಂದೆ ಮುಚ್ಚಿಕೊಂಡಿತು. ಕುರ್ಚಿ, ಮಗಳು, ಅಳಿಯ ಎಲ್ಲ ಒಳಗೆ, ಹೆಣ ಹೊರಗೆ.

ಎದ್ದು ಹೋಗಬಹುದಿತ್ತು. ಆದರೆ ಸತ್ತವನು ಎದ್ದು ಹೋಗುವುದು ಅತಿನಾಟಕೀಯವೂ ಅಲ್ಲ, ಬರೀ ಅಸಭ್ಯತೆ. ಕೆನ್ನೆಯ ಮೈಕು ಚಾಲೂ ಇದ್ದುದರಿಂದ ಉಸಿರಾಡುವ ಸ್ವಾತಂತ್ರ್ಯವೂ ಇರಲಿಲ್ಲ. ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಪರದೆಯ ಮುಂದೆ ಬಂದರು. ದೃಶ್ಯಗಳ ನಡುವೆ ಬಹುಮಾನದ ಲಕ್ಕಿಡಿಪ್ ಚೀಟಿ ಎತ್ತುವುದು ನಮ್ಮ ವಾಡಿಕೆ. ಅವರು ನನ್ನ ಕಾಲು ತುಳಿಯದಂತೆ ಸುತ್ತಿ ಬಂದು ನಿಂತು ಚೀಟಿಯ ಡಬ್ಬ ಕುಲುಕಿದರು.

ಮುಂದಿನ ಸಾಲಿನಿಂದ ಧಣಿ ಎದ್ದು ನಿಂತರು. ಕಣ್ಣೊರೆಸಿದ ಕರವಸ್ತ್ರ ಇನ್ನೂ ಕೈಯಲ್ಲೇ ಇತ್ತು.

“ಎಂತ ಮಾರಾಯ್ರೆ ಇದು? ಮನೆಯಲ್ಲಿ ಸಾವು ಉಂಟು. ಮೊದಲು ಅವರನ್ನು ಒಳಗೆ ಮಲಗಿಸಿ. ಲಕ್ಕಿಡಿಪ್ ಮತ್ತೆ ಮಾಡುವ.”

ಯಾರೂ ನಗಲಿಲ್ಲ. ಮಗಳ ಪಾತ್ರದ ಕೊಂಕಣಿ ಹುಡುಗಿ, ಆಸ್ಪತ್ರೆಯಲ್ಲಿ ನರ್ಸಾಗಿರುವವಳು, ಪರದೆ ಸರಿಸಿ ಬಂದು ಸ್ಕ್ರಿಪ್ಟಿನಲ್ಲಿ ಇಲ್ಲದ್ದನ್ನೆಲ್ಲ ಹೇಳಿ ಅತ್ತಳು. ಕಾರ್ಯದರ್ಶಿ ಡಬ್ಬ ಕೆಳಗಿಟ್ಟು, ತಮಗೇ ಅರಿಯದೆ ಚಪ್ಪಲಿ ಕಳಚಿ, ನನ್ನ ಕಾಲು ಹಿಡಿದರು. ನನ್ನನ್ನು ಎತ್ತಿಕೊಂಡು ಹೋಗುವಾಗ ಇಡೀ ಸಭೆ ಎದ್ದು ನಿಂತಿತ್ತು.

ಒಳಗೆ ನಿರ್ದೇಶಕ ನನ್ನ ಕೆನ್ನೆಯ ಮೈಕು ಬಿಡಿಸಿದ. ಆಮೇಲೆ ಕೇಳಿದ: “ಅಂಕಲ್, ಮುಂದಿನ ಸಲ ಪರದೆ ಎಷ್ಟು ಹಿಂದೆ ಕಟ್ಟುವ?”

ಮರುವರ್ಷ ತಂದೆಯ ಪಾತ್ರ ನನಗೇ ಸಿಕ್ಕಿತು. ಶಾಲನ್ನು ಕಾರ್ಯದರ್ಶಿಗೆ ಹೊದಿಸಿದರು.